ಮಾಲ್ಜಾ ಅಕ್ಕನ ಚಪ್ಪಟೆ ಸೊನ್ನೆಗಳು

ದೋ ಮಾಲ್ಜಾ ಹೋದ ಮಂಗಳವಾರ ಬೆಳಿಗ್ಗೆ ತೀರಿಕೊಂಡಳು. ಎಪ್ಪತ್ತೆಂಟು ವರ್ಷ. ಕ್ಯಾನ್ಸರ್.

ಮಧ್ಯಾಹ್ನದ ಹೊತ್ತಿಗೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನಮಗೊಂದು ಶೋಕದ ಕೋಣೆ ಸಿಕ್ಕಿತು. ಬಿಳಿ ಸೇವಂತಿಗೆ ಬಂತು. ಊದುಬತ್ತಿ ಬಂತು. ಪಕ್ಕದ ಅಡುಗೆಮನೆಯಲ್ಲಿ, ಶೋಕಕ್ಕೆ ಬರುವವರಿಗೆ ಬಡಿಸಲೆಂದು, ಕೆಂಪು ಖಾರದ ಮಾಂಸದ ಸಾರಿಗೆ ಒಲೆ ಹಚ್ಚಿದರು. ಕೊನೆಗೆ ಕಪ್ಪು ಕೋಟಿನ ನೌಕರ ಬಂದು, ಹೂವಿನ ನಡುವೆ ಬಿಟ್ಟಿದ್ದ ಖಾಲಿ ಜಾಗ ತೋರಿಸಿ, "ಭಾವಚಿತ್ರ ಕೊಡ್ತೀರಾ?" ಎಂದ.

ಅವಳ ಮಗ ಸಾಂಗ್‌ಗು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ. ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿದ ಎರಡು ಚೌಕಟ್ಟುಗಳಿದ್ದವು. ಒಂದನ್ನು ಇಡುವಂತಿರಲಿಲ್ಲ. ಇನ್ನೊಂದನ್ನು ಇಟ್ಟರೆ ಬಂಧುಗಳು ಬಿಡುವಂತಿರಲಿಲ್ಲ.

ಆ ಖಾಲಿ ಜಾಗದಲ್ಲಿ ಏನಿರಬೇಕು ಎಂಬುದಕ್ಕಾಗಿ ಮಾಲ್ಜಾ ಅಕ್ಕ ತನ್ನ ಕೊನೆಯ ಒಂದೂವರೆ ವರ್ಷ ಜಗಳವಾಡಿದ್ದಳು: ಮಗನ ಜೊತೆ, ಡ್ರಾಯಿಂಗ್ ಮೇಷ್ಟ್ರ ಜೊತೆ, ತನ್ನದೇ ಬಲ ಭುಜದ ಜೊತೆ. ಅವಳ ಬಗ್ಗೆ ಬರೆಯುವುದಕ್ಕೆ ಬೇರೆಷ್ಟೋ ವಿಷಯಗಳಿವೆ. ಆದರೆ ಬರೆಯಲು ಕುಳಿತರೆ ನನಗೆ ನೆನಪಾಗುವುದು ಇದೊಂದೇ.

ನಮ್ಮ ಕಡೆ ಮಾಲ್ಜಾ ಅಂದರೆ ಕೊನೆಯವಳು. ಹೆಣ್ಣು ಸಾಕು, ಮುಂದಿನದಾದರೂ ಗಂಡಾಗಲಿ ಎಂದು ಇಡುತ್ತಿದ್ದ ಹೆಸರು. ಅವಳ ಬೆನ್ನಿಗೆ ಮತ್ತೆ ಮೂವರು ತಂಗಿಯರು ಹುಟ್ಟಿದರು. "ಹುಟ್ಟಿದಾಗಿನಿಂದಲೂ ನಾನು ಹೇಳಿದ ಮಾತು ಕೇಳಿದವಳಲ್ಲ ಕಣೇ" ಎನ್ನುತ್ತಿದ್ದಳು.

ಮೀನು ಮಾರ್ಕೆಟ್ಟಿನಿಂದ ಗುಡ್ಡ ಹತ್ತುವ ದಾರಿಯಲ್ಲಿ ಅವಳದೊಂದು ಪಾರ್ಲರ್. ಹೆಸರು 'ಪ್ಯಾರಿಸ್'. ಆಕೆ ಪಕ್ಕದ ಜೇಜು ದ್ವೀಪವನ್ನೂ ಕಂಡವಳಲ್ಲ. ಬೇಸಿಗೆಗೆ ಮೊದಲೊಮ್ಮೆ, ಸುಗ್ಗಿ ಹಬ್ಬಕ್ಕೆ ಮೊದಲೊಮ್ಮೆ ಗುಡ್ಡದ ಹೆಂಗಸರೆಲ್ಲ ಅವಳ ಮುಂದೆ ತಲೆಯೊಡ್ಡಿ ಕೂರುತ್ತಿದ್ದರು. ಎಲ್ಲರದೂ ಒಂದೇ ಬೇಡಿಕೆ: ಬಿಗಿಯಾಗಿ ಸುತ್ತು, ಆರು ತಿಂಗಳು ಬಿಚ್ಚಬಾರದು. ಹಾಗಾಗಿ ಎಲ್ಲರಿಗೂ ಒಂದೇ ತಲೆ, ಹೂಕೋಸಿನ ಹಾಗೆ ಗುಂಗುರು ಗುಂಗುರಾಗಿ. ಬಸ್ ನಿಲ್ದಾಣದಲ್ಲಿ ಹಿಂದಿನಿಂದ ನೋಡಿದರೆ ಯಾರು ಯಾರೆಂದು ಗಂಡಂದಿರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಬೀದಿಯ ಒಬ್ಬ ಮಹಾನುಭಾವ ಇನ್ನೊಬ್ಬರ ಹೆಂಡತಿಯ ಮೂಲಂಗಿ ಚೀಲ ಹೊತ್ತು, ದಾರಿಯುದ್ದಕ್ಕೂ ಬೈದುಕೊಂಡು, ಅವರ ಮನೆ ಬಾಗಿಲವರೆಗೂ ಹೋಗಿದ್ದ. ಆಕೆಯೂ ಮಾತಾಡಲಿಲ್ಲವಂತೆ. ಕೇಳಿದ್ದಕ್ಕೆ, "ಚೀಲ ಭಾರ ಇತ್ತು" ಎಂದಳು.

ಊರಿಗೆಲ್ಲ ಈ ಗುಂಗುರಿನ ಪರ್ಮ್ ಮಾಡುವವಳ ತಲೆಗೆ ಪರ್ಮ್ ಮಾಡುವವರು ಯಾರು? ನಾನು. ಒಡಹುಟ್ಟಿದವಳಲ್ಲ, ಅದೇ ಬೀದಿಯ ಗೆಳತಿ. ನಗರದ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದ ನನ್ನನ್ನು ಅವಳು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏ ಲೈಬ್ರರಿ, ಪುಸ್ತಕ ಕೆಳಗಿಡು, ಕೈಗವಸು ಹಾಕು." ನಾನು ಹಿಂದೆ ನಿಂತು ಸಣ್ಣ ಸುರುಳಿ ಕಡ್ಡಿಗಳಿಗೆ ಅವಳ ಕೂದಲು ಸುತ್ತುತ್ತಿದ್ದರೆ, ಅವಳು ಕನ್ನಡಿಯಲ್ಲಿ ನೋಡಿಕೊಂಡು ಬಯ್ಯುತ್ತಿದ್ದಳು. ನನ್ನ ಕೆಲಸ ಒಮ್ಮೆಯೂ ಅವಳಿಗೆ ಹಿಡಿಸಲಿಲ್ಲ. ಬೇರೆ ಯಾರನ್ನೂ ಕರೆಯಲೂ ಇಲ್ಲ.

ಹೋದ ವರ್ಷ ವಸಂತದಲ್ಲಿ ಹಿರಿಯರ ಭವನಕ್ಕೆ ಯಾರೋ ಪುಣ್ಯಾತ್ಮರು ಪುಕ್ಕಟೆಯಾಗಿ 'ದೀರ್ಘಾಯುಷ್ಯದ ಫೋಟೋ' ತೆಗೆಯಲು ಬಂದರು. ಸತ್ತ ಮೇಲೆ ಹೂವಿನ ನಡುವೆ ಇಡುವ ಫೋಟೋಗೆ ಆ ಹೆಸರು. ಮೊದಲೇ ತೆಗೆಸಿಟ್ಟುಕೊಂಡರೆ ಆಯುಸ್ಸು ಹೆಚ್ಚುತ್ತದೆ ಎಂದು ನಂಬಿಕೆ.

"ಹೆಚ್ಚದೇ ಏನು? ಫೋಟೋ ಚೆನ್ನಾಗಿ ಬಂದಿಲ್ಲ ಅನ್ನೋ ಸಿಟ್ಟಿಗೇ ಇನ್ನೊಂದಷ್ಟು ದಿನ ಬದುಕ್ತಾರೆ" ಎಂದು ಅಕ್ಕ ತಮಾಷೆ ಮಾಡಿದಳು. ಆ ಮಾತು ಅವಳಿಗೇ ತಗುಲಿತು.

ಫೋಟೋ ಬಂದಾಗ ಅದರಲ್ಲಿ ಸುಕ್ಕಿರಲಿಲ್ಲ, ಮೂಗಿನ ಪಕ್ಕದ ಮಚ್ಚೆಯಿರಲಿಲ್ಲ. ಅವಳೆಂದೂ ಉಡದ ಗುಲಾಬಿ ಬಣ್ಣದ ಹಬ್ಬದ ಉಡುಪು ಇತ್ತು. ಅದಕ್ಕಿಂತ ಹೆಚ್ಚಾಗಿ, ಪರ್ಮ್ ಇರಲಿಲ್ಲ. ನಡುವೆ ಬೈತಲೆ ತೆಗೆದು, ಎಣ್ಣೆ ಹಚ್ಚಿ ಬಾಚಿ, ಹಿಂದೆ ತುರುಬು ಕಟ್ಟಿದಂತೆ ಕಂಪ್ಯೂಟರಿನಲ್ಲಿ ಕೂರಿಸಿದ್ದರು. ಬೀದಿಯ ಎಲ್ಲ ಹೆಂಗಸರಿಗೂ ಅದೇ ಉಡುಪು, ಅದೇ ತುರುಬು. ಮುಖ ಮಾತ್ರ ಬೇರೆ.

"ಯಾರೇ ಇವಳು?"

"ನೀನೇ ಅಕ್ಕ."

"ನನ್ನ ತಲೆ ಎಲ್ಲಿ?"

"ತುರುಬು ಚೆನ್ನಾಗೇ ಕಾಣ್ತಿದೆಯಲ್ಲ."

"ತುರುಬಂತೆ! ಊರಿನ ತುರುಬೆಲ್ಲ ಕತ್ತರಿಸಿ ಅನ್ನ ತಿಂದವಳು ನಾನು. ಸತ್ತ ದಿನ ಬೇರೆ ಯಾರದೋ ತಲೆ ಇಟ್ಕೊಂಡು ಕೂರಬೇಕಾ? ನನ್ನ ಅಂಗಡಿ ಬಾಗಿಲಿಗೆ ಎದುರು ಅಂಗಡಿ ಬೋರ್ಡು ಹಾಕಿದ ಹಾಗೆ!"

ಸಾಂಗ್‌ಗು ಒಳ್ಳೆಯವನು. ಬಸ್ ಓಡಿಸುತ್ತಾನೆ. ಯಾರ ಮನಸ್ಸೂ ನೋಯದಂತೆ ಬದುಕಬೇಕೆಂಬ ಆಸೆ ಇಟ್ಟುಕೊಂಡು ಎಲ್ಲರಿಂದಲೂ ಬೈಸಿಕೊಳ್ಳುವವನು. "ಚೆನ್ನಾಗಿದೆ ಅಮ್ಮಾ. ಹತ್ತು ವರ್ಷ ಚಿಕ್ಕವಳಾಗಿ ಕಾಣ್ತೀಯ" ಎಂದ.

"ಹಾಗಾದ್ರೆ ಹತ್ತು ವರ್ಷದ ಹಿಂದೆ ಸತ್ತವರ ಪಕ್ಕ ಇಡು."

ಅವನು ಅದಕ್ಕೆ ಚೌಕಟ್ಟು ಹಾಕಿಸಿ ಬೀರುವಿನಲ್ಲಿಟ್ಟ. ಇನ್ನೊಂದು ಫೋಟೋ ತೆಗೆಸಿದರಾಯಿತಲ್ಲ ಎಂದು ನಾನು ಹೇಳಿ ನೋಡಿದೆ.

"ಒಂದ್ಸಲ ಕ್ಯಾಮೆರಾ ನಂಬಿ ಕೆಟ್ಟಿದ್ದು ಸಾಕು. ನನ್ನ ಚಿತ್ರ ನಾನೇ ಬರ್ಕೋತೀನಿ. ಭವನದ ಮಹಡಿ ಮೇಲೆ ಗುರುವಾರ ಗುರುವಾರ ಚಿತ್ರ ಹೇಳ್ಕೊಡ್ತಾರಂತೆ. ನಿನ್ನ ಹೆಸರೂ ಕೊಟ್ಟು ಬಂದಿದ್ದೀನಿ."

"ನನಗ್ಯಾಕೆ?"

"ನಾನು ತಪ್ಪು ಮಾಡಿದಾಗ ಮೇಷ್ಟ್ರು ಬೈಯೋಕೆ ಪಕ್ಕದಲ್ಲಿ ಇನ್ನೂ ದಡ್ಡರು ಯಾರಾದ್ರೂ ಬೇಡ್ವಾ?"

ಮೇಷ್ಟ್ರ ಹೆಸರು ಗಿಲ್ ಹಾರಾಮ್. ಮೂವತ್ತು ದಾಟಿದ್ದನೋ ಇಲ್ಲವೋ. ಚಿತ್ರಕಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದವನು, ನಮ್ಮನ್ನೂ ಹಾಗೆಯೇ ತಯಾರು ಮಾಡಲು ಹೊರಟಿದ್ದ. ಕಣ್ಣಿನ ಮೇಲೆ ಇಳಿಬಿದ್ದ ಉದ್ದ ಕೂದಲು. ಅಕ್ಕ ಒಳಗೆ ಕಾಲಿಟ್ಟವಳೇ ಪಾಠದ ಹಲಗೆ ನೋಡಲಿಲ್ಲ, ಆ ಕೂದಲು ನೋಡಿದಳು. ಮಾರ್ಕೆಟ್ಟಿನಲ್ಲಿ ಎಲೆಕೋಸು ಆರಿಸುವ ಹಾಗೆ.

"ಮೊದಲು ಗೆರೆ" ಎಂದ ಮೇಷ್ಟ್ರು. "ಆಮೇಲೆ ಪೆಟ್ಟಿಗೆ. ಆಮೇಲೆ ದೀರ್ಘವೃತ್ತ. ಮೂರಕ್ಕೂ ಪಾಸು ಅಂತ ನನ್ನ ಕೆಂಪು ಪೆನ್ಸಿಲಿನ ಸುತ್ತು ಬಿದ್ದ ಮೇಲೆಯೇ ಮುಖ."

ಅಕ್ಕ ಕೈ ಎತ್ತಿದಳು. "ಮುಖಕ್ಕೆ ಬರೋಕೆ ಎಷ್ಟು ದಿನ ಆಗತ್ತೆ ಮೇಷ್ಟ್ರೇ?"

"ಅವಸರ ಯಾಕೆ ತಾಯಿ?"

"ನನಗೆ ಎಪ್ಪತ್ತೇಳು."

ಕೋಣೆಯೆಲ್ಲ ನಕ್ಕಿತು. ಅಲ್ಲಿ ಅವಳಿಗಿಂತ ಹಿರಿಯರೂ ಇದ್ದರು. ಅವರು ಇನ್ನೂ ಜೋರಾಗಿ ನಕ್ಕರು.

ಹೀಗೆ ಗೆರೆ ಶುರುವಾಯಿತು. ಕಾಗದದ ಎರಡು ಕಡೆ ಎರಡು ಚುಕ್ಕೆ, ನಡುವೆ ಒಂದೇ ಏಟಿಗೆ ಒಂದು ಗೆರೆ. ಪೆನ್ಸಿಲು ತಾಗಿಸುವ ಮೊದಲು ಗಾಳಿಯಲ್ಲೇ ಕೈ ಆಡಿಸಿ ದಾರಿ ನೋಡಿಕೊಳ್ಳಬೇಕು. ಕೈ ತಿರುಗಬೇಕಾದದ್ದು ಮಣಿಕಟ್ಟಿನಿಂದಲ್ಲ, ಭುಜದಿಂದ. ಕೋಣೆ ತುಂಬ ಗುಂಗುರು ತಲೆಯ ಮುದುಕಿಯರು ಮಾತಿಲ್ಲದೆ ಗಾಳಿಯಲ್ಲಿ ಕೈಯಾಡಿಸುವುದನ್ನು ಕೆಳಗಿನ ಚದುರಂಗದ ಮುದುಕರು ಬಾಗಿಲಲ್ಲಿ ಇಣುಕಿ ನೋಡಿ, ಒಬ್ಬರ ಮೇಲೊಬ್ಬರು ಬಿದ್ದು ಮೆಟ್ಟಿಲಿಳಿದು ಓಡಿದರು. ಯಾರ ಮೈಮೇಲೋ ಏನೋ ಬಂದಿದೆ ಎಂದು ಊರಲ್ಲಿ ಸುದ್ದಿಯಾಯಿತು.

ಅಕ್ಕನ ತೊಂದರೆಯೆಂದರೆ ಅವಳ ಭುಜ. ಬದುಕಿಡೀ ಕೈ ಎತ್ತಿ ಹಿಡಿದು ಬೇರೆಯವರ ತಲೆಯ ಮೇಲೆ ಕೆಲಸ ಮಾಡಿದ ಭುಜ ಕಲ್ಲಾಗಿತ್ತು. ಮಣಿಕಟ್ಟು ಮಾತ್ರ ಹದಿನಾರರ ಹುಡುಗಿಯದು. ಭುಜ ಏಳುತ್ತಿರಲಿಲ್ಲ, ಮಣಿಕಟ್ಟು ಸುಮ್ಮನಿರುತ್ತಿರಲಿಲ್ಲ. ಹಾಗಾಗಿ ಒಂದು ಗೆರೆಯ ಬದಲು ತುಂಡು ತುಂಡಾದ ನೂರು ಎಳೆ ಬೀಳುತ್ತಿದ್ದವು.

"ನಿಮ್ಮ ಗೆರೆಗೆ ಕೂದಲು ಬಂದಿದೆ ತಾಯಿ" ಎಂದ ಮೇಷ್ಟ್ರು.

"ಅಷ್ಟೇ ತಾನೆ?" ಎಂದಳು. ಮುಂದಿನ ಗುರುವಾರ ಪಾರ್ಲರಿನ ಕತ್ತರಿ ತಂದು, ಕಾಗದವನ್ನೇ ಉದ್ದಕ್ಕೆ ಸರಸರನೆ ಕತ್ತರಿಸಿ, ಪಟ್ಟಿಗಳನ್ನು ಅವನ ಮೇಜಿನ ಮೇಲೆ ಇಟ್ಟಳು. "ನೋಡಿ, ಇದಕ್ಕಿಂತ ನೇರ ಗೆರೆ ಬೇಕಾ? ಎರಡೂ ಕಡೆ ನೇರ."

ಅವನು ಒಂದು ಪಟ್ಟಿ ಎತ್ತಿ ಬೆಳಕಿಗೆ ಹಿಡಿದು ನೋಡಿದ. ನಿಜಕ್ಕೂ ಕೂದಲೆಳೆಯಷ್ಟೂ ಸೊಟ್ಟವಿರಲಿಲ್ಲ. "ಇದು ಕತ್ತರಿಯ ಗೆರೆ. ನನಗೆ ಬೇಕಾಗಿರೋದು ಪೆನ್ಸಿಲಿಂದು" ಎಂದು ವಾಪಸು ಕೊಟ್ಟ. ಆದರೂ ಅವತ್ತಿನಿಂದ ಅವನಿಗೆ ಅವಳ ಮೇಲೆ ಒಂದು ಕಣ್ಣು ಜಾಸ್ತಿ.

ಗೆರೆಗೆ ಕೆಂಪು ಸುತ್ತು ಬೀಳುವ ಹೊತ್ತಿಗೆ ಬೇಸಿಗೆ ಕಳೆಯಿತು. ಪೆಟ್ಟಿಗೆಗೆ ಬಂದೆವು. ಲೋಕದ ಎಲ್ಲ ವಸ್ತುವೂ ಒಂದು ಪೆಟ್ಟಿಗೆಯೊಳಗೆ ಕೂರುತ್ತದೆ, ಬಸ್ಸು, ಬೆಕ್ಕು, ಮನುಷ್ಯನ ಎದೆ ಎಲ್ಲವೂ. ಆದ್ದರಿಂದ ಯಾವುದನ್ನೇ ಬರೆಯಿರಿ, ಮೊದಲು ಪೆಟ್ಟಿಗೆ ಬರೆಯಿರಿ ಎಂದು ಮೇಷ್ಟ್ರು ಹೇಳಿದ.

"ಕೊನೆಗೂ ಪೆಟ್ಟಿಗೇನೇ ಅಲ್ವಾ ಮೇಷ್ಟ್ರೇ? ಅದರಲ್ಲಿ ಮಲಗೋಕೆ ಇಷ್ಟೊಂದು ಅಭ್ಯಾಸ ಬೇಕಾ?"

ಪೆಟ್ಟಿಗೆ ಅವಳಿಗೆ ಬೇಗ ಹಿಡಿಯಿತು. ಪರ್ಮ್ ಮಾಡುವಾಗ ತಲೆಯನ್ನು ಚೌಕ ಚೌಕವಾಗಿ ಬೈತಲೆ ತೆಗೆದು ಹಂಚಿಕೊಳ್ಳುವುದು ಅವಳಿಗೆ ಊಟ ಮಾಡಿದಷ್ಟು ಸಲೀಸು. ಸಿಕ್ಕಿಬಿದ್ದದ್ದು ದೀರ್ಘವೃತ್ತದಲ್ಲಿ. ಆ ಹೆಸರು ಯಾರ ಬಾಯಿಗೂ ಹತ್ತಲಿಲ್ಲ. 'ಚಪ್ಪಟೆ ಸೊನ್ನೆ' ಎಂದೆವು.

ಬಟ್ಟಲ ಬಾಯನ್ನು ಓರೆಯಾಗಿ ನೋಡಿದರೆ ಕಾಣುವ ಆಕಾರ ಅದು. ಎಲ್ಲೂ ಮೂಲೆ ಇರಬಾರದು. ಅಕ್ಕನ ಸೊನ್ನೆಗೆ ಎರಡು ತುದಿಯಲ್ಲೂ ಮೂಲೆ ಬರುತ್ತಿತ್ತು, ಕಲ್ಲಂಗಡಿ ಬೀಜದ ಹಾಗೆ. "ತುದಿಯಲ್ಲಿ ನಿಲ್ಲಬೇಡಿ, ತಿರುಗಿಕೊಂಡೇ ಬನ್ನಿ" ಎಂದು ಮೇಷ್ಟ್ರು ಹೇಳಿದಷ್ಟೂ ಅವಳು ತುದಿಗೆ ಬಂದು ನಿಲ್ಲುತ್ತಿದ್ದಳು. ಒಂದು ವಾರ ಸುರುಳಿ ಕಡ್ಡಿಯ ಬಾಯನ್ನು ಕಾಗದಕ್ಕೆ ಒತ್ತಿ ಅದರ ಸುತ್ತ ಗೆರೆ ಎಳೆದಳು. ಮೇಷ್ಟ್ರು ಕಾಗದ ತಿರುಗಿಸಿ, ಹಿಂಬದಿಯ ಉಬ್ಬಿನ ಮೇಲೆ ಬೆರಳಾಡಿಸಿ, "ಇದು ಬರೀ ಸೊನ್ನೆ ತಾಯಿ, ಚಪ್ಪಟೆ ಆಗಿಲ್ಲ. ಕಡ್ಡಿ ವಾಪಸು ಚೀಲಕ್ಕೆ ಹಾಕಿ" ಎಂದ.

ಆ ವಾರವೇ ಮೇಷ್ಟ್ರ ಕೆಂಪು ಪೆನ್ಸಿಲು ಕಳೆದುಹೋಯಿತು. ಅಂಗಡಿಯ ಹೊಸ ಪೆನ್ಸಿಲಲ್ಲ, ಅವನ ಗುರು ಕೊಟ್ಟದ್ದಂತೆ, ದಪ್ಪಗೆ, ಮೇಣದ ಹಾಗೆ, ಒರೆಸಿದರೂ ಹೋಗದ್ದು. ಎಲ್ಲರ ಚೀಲ, ಎಲ್ಲರ ಕೋಟಿನ ಜೇಬು ನೋಡಿದ್ದಾಯಿತು. ಎಲ್ಲರಿಗಿಂತ ಮುಂದೆ ನಿಂತು ಹುಡುಕಿದವಳು ಅಕ್ಕ. "ಲೈಬ್ರರಿ, ನಿನ್ನ ಚೀಲ ಇನ್ನೊಂದ್ಸಲ ತೋರಿಸು. ಓದಿದವರನ್ನ ನಂಬೋಕಾಗಲ್ಲ" ಎಂದಳು.

ಅವಳ ಕಣ್ಣು ಮತ್ತೆ ತನ್ನ ಕೂದಲ ಮೇಲಿರುವುದು ಕಂಡು ಮೇಷ್ಟ್ರಿಗೂ ರೇಗಿರಬೇಕು. "ನಿಮ್ಮ ಸೊನ್ನೆ ಪಾಸಾದ ದಿನ, ನನ್ನ ತಲೆ ನಿಮ್ಮದು. ಏನು ಬೇಕಾದ್ರೂ ಮಾಡಿ" ಎಂದುಬಿಟ್ಟ. ತನಗೆ ಭಯವಿಲ್ಲ ಎಂದು ತೋರಿಸಲು ಹೇಳಿದ ಮಾತು. ಕೋಣೆಯಲ್ಲಿದ್ದ ನಾವೆಲ್ಲ ಸಾಕ್ಷಿ.

ಚಳಿಗಾಲವಿಡೀ ಕಲ್ಲಂಗಡಿ ಬೀಜ. ನಾನೇ ಆಗ ಸೊನ್ನೆ ಪಾಸಾಗಿ ಮೂಗು ಬರೆಯುತ್ತಿದ್ದೆ. ಅಕ್ಕ ಹಿಂದಿನ ಸಾಲಿಗೆ ಹೋಗಿ ಕುಳಿತಳು, ಮುನಿಸಿನಿಂದ ಎಂದುಕೊಂಡೆ. ಚಳಿ ಕಳೆದ ಮೇಲಿನ ಒಂದು ಗುರುವಾರ ಮೇಷ್ಟ್ರು ಅವಳ ಹಿಂದೆ ಹೋಗಿ ನಿಂತವನು ಅಲ್ಲೇ ನಿಂತ. ನಾವು ತಿರುಗಿ ನೋಡಿದೆವು. ಸೊನ್ನೆ ಬರೆಯಬೇಕಾದ ಕಾಗದದ ಮೇಲೆ ಒಂದು ಹಿಂದಲೆ ಇತ್ತು. ಕತ್ತು, ಕಿವಿಯ ಹಿಂಬದಿ, ಅದರ ಮೇಲೆ ಗುಂಗುರು ಗುಂಗುರಾಗಿ ನೂರಾರು ಚಪ್ಪಟೆ ಸೊನ್ನೆಗಳು, ಕೆಲವು ಅಗಲ, ಕೆಲವು ತೆಳ್ಳಗೆ, ತಲೆ ತಿರುಗುವ ಕಡೆ ಇನ್ನೂ ತೆಳ್ಳಗೆ. ಒಂದಕ್ಕೂ ಮೂಲೆ ಇರಲಿಲ್ಲ.

"ಇದು ಯಾರು ತಾಯಿ?"

ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಓಕ್‌ಬುನ್ ಎದ್ದು ಬಂದಳು. ಮೀನು ಮಾರಿ ಗಂಟಲು ಬೆಳೆಸಿಕೊಂಡವಳು. "ಇದು ನಾನು! ನನ್ನನ್ನ ಕೇಳದೆ ನನ್ನ ತಲೆ ಬರ್ದಿದ್ದಾಳೆ!"

"ನಿನ್ನ ತಲೆ ಎಲ್ಲಿ ಇಷ್ಟು ದುಂಡಗಿದೆ? ಅದು ನಾನು" ಎಂದಳು ಇನ್ನೊಬ್ಬಳು.

"ನೀನಾ? ನಿನ್ನ ಹಿಂದಲೆ ತೊಟ್ಟಿಲಲ್ಲಿ ಮಲಗಿ ಮಲಗಿ ಹಲಗೆ ಆಗಿದೆಯಲ್ಲೇ!"

ಪಾಠ ಅಲ್ಲಿಗೆ ಮುಗಿಯಿತು. ಎಲ್ಲರೂ ಸಾಲಾಗಿ ಬೆನ್ನು ತಿರುಗಿಸಿ ನಿಂತು, ಮೇಷ್ಟ್ರು ಚಿತ್ರ ಹಿಡಿದು ಒಬ್ಬೊಬ್ಬರ ತಲೆಯ ಪಕ್ಕ ಇಟ್ಟು ನೋಡುವಂತಾಯಿತು. ಅವನಿಗೆ ಏನೂ ಗೊತ್ತಾಗಲಿಲ್ಲ. ಕೊನೆಗೆ ಅಕ್ಕನೇ ತೀರ್ಪು ಕೊಟ್ಟಳು: "ಓಕ್‌ಬುನ್‌ದೇ. ಸುಳಿ ಎಡಕ್ಕಿದೆ ನೋಡಿ. ಮುಖ ನೋಡಿದ್ರೆ ನನಗೆ ಯಾರ ಗುರುತೂ ಹತ್ತಲ್ಲ ಮೇಷ್ಟ್ರೇ. ಇವರ ಮುಖ ನಾನು ಯಾವಾಗ ನೋಡಿದ್ದೀನಿ?"

ಮೇಷ್ಟ್ರು ಜೇಬಿಗೆ ಕೈ ಹಾಕಿ ಕೆಂಪು ಪೆನ್ಸಿಲು ಹುಡುಕಿದ. ಇರಲಿಲ್ಲವಲ್ಲ. ಕಪ್ಪು ಪೆನ್ಸಿಲಿನಲ್ಲೇ ಮೂಲೆಯಲ್ಲಿ ಒಂದು ಸುತ್ತು ಹಾಕಿದ. ಆಮೇಲೆ ಕಣ್ಣಿನ ಮೇಲಿನ ಕೂದಲನ್ನು ನಿಧಾನವಾಗಿ ಕಿವಿಯ ಹಿಂದೆ ಸರಿಸಿಕೊಂಡ, ಕೊನೆಯ ಸಲ.

ಶನಿವಾರ ಪ್ಯಾರಿಸ್ ಪಾರ್ಲರಿನಲ್ಲಿ ಕೂರಲು ಜಾಗವಿರಲಿಲ್ಲ. ಚದುರಂಗದ ಮುದುಕರೂ ಬಂದಿದ್ದರು. ಭವನದಲ್ಲಿ ಮೇಷ್ಟ್ರಿಗೆ ಬಹುವಚನ. ಈ ಕುರ್ಚಿಯಲ್ಲಿ ಕುಳಿತ ಮೇಲೆ ಏಕವಚನ.

"ತಲೆ ತಗ್ಗಿಸೋ. ಅಲ್ಲಾಡಬೇಡ. ಭುಜದಿಂದ ಅಲ್ಲ ಕಣೋ, ಇದು ಮಣಿಕಟ್ಟಿನ ಕೆಲಸ. ನೋಡಿ ಕಲಿ."

"ಎಷ್ಟು ದಿನ ಇರತ್ತೆ ತಾಯಿ ಇದು?"

"ಅವಸರ ಯಾಕೋ?"

ಅವನು ಎದ್ದಾಗ, ಹಿಂದಿನಿಂದ ನೋಡಿದರೆ, ನಮ್ಮ ಗುಡ್ಡದಲ್ಲಿ ಇನ್ನೊಬ್ಬ ಹೆಂಗಸು ಹೆಚ್ಚಾಗಿದ್ದಳು.

ಆ ಸಂಜೆ ಎಲ್ಲರೂ ಹೋದ ಮೇಲೆ ಅಕ್ಕ ನೆಲದ ಕೂದಲು ಗುಡಿಸುತ್ತ ಹೇಳಿದಳು. "ಮುಖ ಬೇಡ ಕಣೇ. ನನ್ನ ಚಿತ್ರವೂ ಹಿಂದಿನಿಂದಲೇ."

ನಾನು ನಕ್ಕೆ. ಅವಳು ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ಕ್ಷಣ ಪೊರಕೆಗೆ ಆತುಕೊಂಡಳು. ಬೇಸಿಗೆಯ ಹೊತ್ತಿಗೆ ಆ ನೋವಿಗೆ ಹೆಸರು ಸಿಕ್ಕಿತು. ಔಷಧಿ ಕೊಡಬಹುದು, ಆದರೆ ಕೂದಲು ಉದುರುತ್ತದೆ, ಹೆಚ್ಚು ದಿನವೂ ಸಿಗುವುದಿಲ್ಲ ಎಂದರು ಡಾಕ್ಟರು. "ಹಾಗಾದ್ರೆ ಬೇಡ. ನನಗೊಂದು ಚಿತ್ರ ಬಾಕಿ ಇದೆ, ಅದಕ್ಕೆ ಕೂದಲು ಬೇಕು" ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ಸಾಂಗ್‌ಗುಗೆ ಆಯಿತು.

"ಅಮ್ಮಾ, ಜನ ಬಂದು ಎರಡು ಸಲ ಅಡ್ಡಬೀಳ್ತಾರೆ. ಯಾರಿಗೆ ಬೀಳಬೇಕು ಅವರು? ಬೆನ್ನಿಗಾ? ದೊಡ್ಡಪ್ಪ ನನ್ನ ಜೀವ ತಿಂತಾರೆ."

"ನಾನು ಮುಖ ತೋರಿಸಿಕೊಂಡು ಕೂತರೆ ಏನಾಗತ್ತೆ ಗೊತ್ತಾ? ನೀವೆಲ್ಲ ನನ್ನೆದುರಿಗೇ ಬಿಸಿಬಿಸಿ ಸಾರು ಸುರಿದುಕೊಂಡು ಕುಡೀತೀರ. ನಾನು ನೋಡ್ತಾ ಕೂರಬೇಕು. ಅದಕ್ಕಿಂತ ಆ ಕಡೆ ತಿರುಗಿರೋದೇ ಮೇಲು."

"ತಮಾಷೆ ಮಾಡಬೇಡಮ್ಮಾ. ನಿನ್ನ ಮುಖ ನೋಡಬೇಕು ಅನ್ನಿಸಿದ್ರೆ ನಾನೇನು ಮಾಡಲಿ?"

"ಚಿಕ್ಕವನಿದ್ದಾಗ ನೀನು ನೋಡಿದ್ದು ಯಾವುದೋ?" ಎಂದಳು. "ಶಾಲೆಯಿಂದ ಬಂದು ಆ ಮೂಲೆ ಸ್ಟೂಲಿನ ಮೇಲೆ ಕೂತ್ಕೋತಿದ್ದೆಯಲ್ಲ. ನಾನು ಯಾವ ಕಡೆ ತಿರುಗಿರ್ತಿದ್ದೆ?"

ಸಾಂಗ್‌ಗು ಎದ್ದು ಡ್ಯೂಟಿಗೆ ಹೋದ. ಫೋಟೋ ಬೀರುವಿನಲ್ಲೇ ಉಳಿಯಿತು.

ತನ್ನ ಹಿಂದಲೆಯನ್ನು ತಾನು ನೋಡುವುದು ಹೇಗೆ? ಪಾರ್ಲರಿನ ದೊಡ್ಡ ಕನ್ನಡಿಯ ಮುಂದೆ ಅವಳು ಕುಳಿತಳು. ಕೆಲಸ ಮುಗಿದ ಮೇಲೆ ಗಿರಾಕಿಗೆ ಹಿಂದಲೆ ತೋರಿಸುವ ಕೈಗನ್ನಡಿಯನ್ನು ಅವಳ ಹಿಂದೆ ಹಿಡಿದು ನಾನು ನಿಂತೆ. ಬೇಸಿಗೆಯ ಎಷ್ಟೋ ಮಧ್ಯಾಹ್ನ ಹಾಗೇ ಕಳೆದವು.

"ಅಲ್ಲಾಡ್ತಿದ್ದೀಯ. ಭೂಕಂಪ ಆದ ಹಾಗಿದೆ ನನ್ನ ತಲೆ."

"ಕೈ ನೋಯ್ತಿದೆ ಅಕ್ಕ."

"ಈಗ ಗೊತ್ತಾಯ್ತಾ? ನಾನು ಐವತ್ತು ವರ್ಷ ಹೀಗೇ ನಿಂತಿದ್ದೆ." ಆಮೇಲೆ ಕನ್ನಡಿಗೆ ಹತ್ತಿರ ಬಾಗಿ, "ಅಯ್ಯೋ! ನಡುನೆತ್ತಿ ಇಷ್ಟು ಬೋಳಾಗಿದೆ! ಯಾವಾಗಿಂದ?"

"ಐದಾರು ವರ್ಷ ಆಯ್ತೇನೋ."

"ಹೇಳೋದಲ್ವಾ? ನಿನ್ನದಾಗಿದ್ರೆ ನಾನು ಊರಿಗೆಲ್ಲ ಹೇಳಿರ್ತಿದ್ದೆ." ಇನ್ನೂ ಬಾಗಿ ನೋಡಿದಳು. "ಮತ್ತೆ ಇದೇನಿದು, ಬಲಗಿವಿ ಹಿಂದೆ? ಒಂದು ಕಡ್ಡಿ ಸುತ್ತೋದನ್ನೇ ಬಿಟ್ಟಿದ್ದೀಯ! ಕುದುರೆ ಬಾಲದ ಹಾಗೆ ನೆಟ್ಟಗೆ ನಿಂತಿದೆ."

"ಬರೀಬೇಡ ಅದನ್ನ."

"ಅದನ್ನೇ ಮೊದಲು ಬರೀತೀನಿ. ನಾನು ಸತ್ತ ಮೇಲೆ ಮೂರು ದಿನ ಊರೆಲ್ಲ ನಿಂತು ನೋಡಲಿ, ಲೈಬ್ರರಿಯ ಕೈಚಳಕ."

ಸುರುಳಿಗಳು ಬಂದವು, ಬೋಳು ಬಂತು, ನೆಟ್ಟಗಿನ ಆ ಜುಟ್ಟೂ ಬಂತು. ಭುಜಗಳನ್ನು ಪೆಟ್ಟಿಗೆಯೊಳಗೆ ಕೂರಿಸಿದ್ದಾಯಿತು. ಬಾಕಿ ಉಳಿದದ್ದು ತಲೆಯನ್ನೆಲ್ಲ ಸುತ್ತುವರಿಯುವ ಒಂದು ದೊಡ್ಡ ಚಪ್ಪಟೆ ಸೊನ್ನೆ. ಅದಕ್ಕೆ ಭುಜ ಬೇಕು. ಭುಜ ಏಳಲಿಲ್ಲ. ಆಸ್ಪತ್ರೆಗೆ ಸೇರಿದ ಮೇಲೆ ನೋವಿಗೆಂದು ಬೆನ್ನಿಗೆ ಮದ್ದಿನ ಪಟ್ಟಿ ಅಂಟಿಸಿದರು. ಒಂದು ಬೆಳಿಗ್ಗೆ ನಾನು ಹೋದಾಗ ಅವಳು ಹಾಸಿಗೆಯಲ್ಲಿ ಎದ್ದು ಕುಳಿತು ಗಾಳಿಯಲ್ಲಿ ತೋಳು ಸುತ್ತಿಸುತ್ತಿದ್ದಳು. ಎದುರು ಮಂಚದ ಮುದುಕಿ ತನ್ನನ್ನೇ ಕರೆಯುತ್ತಿದ್ದಾಳೆಂದು ತಿಳಿದು ತಾನೂ ಕೈ ಬೀಸುತ್ತಿದ್ದಳು.

"ಈ ಮದ್ದು ಭುಜಕ್ಕೆ ಎಷ್ಟು ಚೆನ್ನಾಗಿದೆ ನೋಡೇ! ಮೊದಲೇ ಕೊಟ್ಟಿದ್ರೆ ಮೊದಲ ವಾರವೇ ಪಾಸಾಗ್ತಿದ್ದೆ. ಕಾಗದ ಕೊಡು, ಬೇಗ, ಇಳಿದುಹೋಗೋದ್ರೊಳಗೆ."

ಎರಡು ಸಲ ಗಾಳಿಯಲ್ಲಿ ಸುತ್ತಿದಳು. ಮೂರನೆಯದಕ್ಕೆ ಕಾಗದಕ್ಕೆ ಇಳಿದಳು. ಒಂದೇ ಗೆರೆ. ಅದಕ್ಕೆ ಕೂದಲು ಬಂದಿರಲಿಲ್ಲ, ಮೂಲೆಯೂ ಬಂದಿರಲಿಲ್ಲ.

ಹಾಗಾಗಿ ಆ ಮಂಗಳವಾರ ಕಪ್ಪು ಕೋಟಿನವನು ಕೇಳಿದಾಗ ಸಾಂಗ್‌ಗು ದೊಡ್ಡ ಚೌಕಟ್ಟಿನ ಬಟ್ಟೆ ಬಿಚ್ಚಿ ಕೊಟ್ಟ. ನೌಕರ ಅದನ್ನು ಹೂವಿನ ನಡುವೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಕ್ಷಮಿಸಿ, ಉಲ್ಟಾ ಇಟ್ಟೆ" ಎಂದು ತಿರುಗಿಸಿದ. ಆ ಕಡೆ ಬರೀ ರಟ್ಟು. ಮತ್ತೆ ತಿರುಗಿಸಿದ. ಮತ್ತೆ ರಟ್ಟು ನೋಡಿದ. ಕೊನೆಗೆ ಹಿಂದಲೆಯನ್ನೇ ಮುಂದಿಟ್ಟು, ಕಪ್ಪು ರಿಬ್ಬನ್ ಕಟ್ಟಿ ಹೊರಟುಹೋದ.

ದೊಡ್ಡಪ್ಪ ಬಂದು ಬೈದರು. ಬೈಯುತ್ತಲೇ ಎರಡು ಸಲ ಅಡ್ಡಬಿದ್ದರು, ಎದ್ದ ಮೇಲೆ, "ಅವಳು ಯಾವತ್ತು ನನ್ನ ಕಡೆ ತಿರುಗಿ ಮಾತಾಡಿದ್ದಳು?" ಎಂದು ಸಾರಿಗೆ ಕುಳಿತರು. ಓಕ್‌ಬುನ್ ಬಾಗಿಲಲ್ಲೇ ನಿಂತು, "ಇದ್ಯಾಕೆ ನನ್ನ ಚಿತ್ರ ಇಟ್ಟಿದ್ದೀರ?" ಎಂದು ಚೀರಿದಳು. ಆಮೇಲೆ ಬೋಳು ನೆತ್ತಿ ಕಂಡು, ಅದು ತಾನಲ್ಲವೆಂದು ತಿಳಿದು, ಅಲ್ಲೇ ಕುಸಿದು ಅತ್ತಳು. ಗಿಲ್ ಮೇಷ್ಟ್ರು ಬಂದ. ಪರ್ಮ್ ಇನ್ನೂ ಬಿಚ್ಚಿರಲಿಲ್ಲ. ಗುಂಗುರು ತಲೆಯ ಮುಂದೆ ಗುಂಗುರು ತಲೆ ಬಾಗಿತು. ಅವನು ಏಳಲು ತಡಮಾಡಿದ. ಊರಿನವರೆಲ್ಲ ಬಲಗಿವಿಯ ಹಿಂದಿನ ನೆಟ್ಟಗಿನ ಜುಟ್ಟು ನೋಡಿದರು. ನನ್ನನ್ನೂ ನೋಡಿದರು.

ಇನ್ನೊಂದು ಚೌಕಟ್ಟನ್ನು ನಾವು ಬಿಚ್ಚಲಿಲ್ಲ. ಅದರ ವಿಷಯ ಇಷ್ಟು.

ತೀರಿಕೊಳ್ಳುವ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಅಕ್ಕ ಮಗನನ್ನು ಕರೆದು, "ಆ ಫೋಟೋ ತಗೊಂಡು ಬಾ. ಒಂದ್ಸಲ ನೋಡ್ತೀನಿ" ಎಂದಳು. ಸಾಂಗ್‌ಗುವಿನ ಮುಖ ಅರಳಿತು. ಕೊನೆಗೂ ಅಮ್ಮ ಒಪ್ಪಿದಳು ಎಂದುಕೊಂಡು ಬಸ್ಸಿಗಿಂತ ಜೋರಾಗಿ ಓಡಿ ಮನೆಯಿಂದ ತಂದ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, "ಪರವಾಗಿಲ್ಲ, ಮುಖ ಚೆನ್ನಾಗೇ ಇದೆ. ಹೋಗು, ಲೈಬ್ರರಿಗೆ ಒಂದು ಕಾಫಿ ತಾ" ಎಂದಳು.

ಅವನು ಬಾಗಿಲು ದಾಟಿದ್ದೇ, "ಚೌಕಟ್ಟು ಬಿಚ್ಚು" ಎಂದಳು ನನಗೆ. ದಿಂಬಿನ ಚೀಲದೊಳಗೆ ಕೈ ಹಾಕಿ ಏನೋ ತೆಗೆದಳು. ದಪ್ಪಗೆ, ಮೇಣದ ಹಾಗೆ. ಮೇಷ್ಟ್ರ ಕೆಂಪು ಪೆನ್ಸಿಲು.

"ಅಕ್ಕ!"

"ಶ್. ಮಂಚ ಸ್ವಲ್ಪ ಮೇಲೆತ್ತು."

ಬೈತಲೆಯಿಂದ ಶುರು ಮಾಡಿದಳು. ಮೊದಲು ಚೌಕಗಳಾಗಿ ಹಂಚಿಕೊಂಡಳು, ಪಾರ್ಲರಿನಲ್ಲಿ ಮಾಡುತ್ತಿದ್ದ ಹಾಗೆಯೇ. ಆಮೇಲೆ ಹಣೆಯಿಂದ ಹಿಂದಕ್ಕೆ ಒಂದೊಂದೇ ಚಪ್ಪಟೆ ಸೊನ್ನೆ. ಎಣ್ಣೆ ಹಚ್ಚಿದ ಆ ತುರುಬಿನ ಮೇಲೆ ಕೆಂಪು ಗುಂಗುರು ಏರಿತು, ಕಿವಿ ಮುಚ್ಚಿತು, ಚೌಕಟ್ಟಿನ ಅಂಚು ಮುಟ್ಟಿತು. ಕೊನೆಗೆ ಮೂಗಿನ ಪಕ್ಕ ಒಂದು ಚುಕ್ಕೆಯಿಟ್ಟು ಮಚ್ಚೆಯನ್ನೂ ವಾಪಸು ತಂದಳು.

ಸಾಂಗ್‌ಗು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಅಮ್ಮಾ! ಏನು ಮಾಡಿಬಿಟ್ಟೆ?"

"ಪರ್ಮ್. ಆರು ತಿಂಗಳು ಬಿಚ್ಚಲ್ಲ."

"ಇನ್ನೊಂದು ಪ್ರತಿ ಹಾಕಿಸ್ತೀನಿ ನಾನು."

"ಹಾಕಿಸು. ನಾನು ಬಂದು ಅದಕ್ಕೂ ಮಾಡ್ತೀನಿ."

ಅವನು ನಗಲು ಹೋದ, ಆಗಲಿಲ್ಲ. ಕಾಫಿ ಲೋಟ ಹಿಡಿದುಕೊಂಡೇ ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತ.

ಅಕ್ಕ ಪೆನ್ಸಿಲನ್ನು ನನ್ನ ಕೈಗಿಟ್ಟಳು. "ಮೇಷ್ಟ್ರಿಗೆ ಕೊಟ್ಟುಬಿಡು. ಎಲ್ಲಿತ್ತು ಅಂತ ಕೇಳಿದ್ರೆ, ನಿನ್ನ ಚೀಲದಲ್ಲಿ ಅನ್ನು."

ಆಮೇಲೆ ಕತ್ತಿನ ಹಿಂದಕ್ಕೆ ಕೈ ಹಾಕಿ, ದಿಂಬಿಗೆ ಒತ್ತಿ ಚಪ್ಪಟೆಯಾಗಿದ್ದ ಕೂದಲನ್ನು ಬೆರಳುಗಳಿಂದ ಎಬ್ಬಿಸಿಕೊಂಡಳು. ಸರಿಯಾಯಿತೆಂದು ಕಂಡ ಮೇಲೆ, ಗೋಡೆಯ ಕಡೆ ಮಗ್ಗುಲಾಗಿ, ನಮಗೆ ಬೆನ್ನು ಮಾಡಿ ಮಲಗಿದಳು.